ಅಲ್ ವೀರಸಿಂಗಂ ಫೇಲಾದ ಪ್ರಸಂಗ

ತನ್ನ ಹೆಸರು ಅಲ್ ಎಂದು ತನಬಾಲನ್ ಒಪ್ಪಿಕೊಂಡಾಗ ಅವನು ಆಸ್ಟ್ರೇಲಿಯಾಕ್ಕೆ ಬಂದು ಎರಡೇ ದಿನವಾಗಿತ್ತು. ಆ ಎರಡು ದಿನಗಳಲ್ಲಿ ಟ್ಯಾಕ್ಸಿಯವನು ಅವನನ್ನು ‘ಟಾನಾ ಬಲೂನ್’ ಎಂದು ಕರೆದಿದ್ದ. ಬ್ಯಾಂಕಿನವಳು ‘ಮಿಸ್ಟರ್ ಬನಾನಾ’ ಎಂದು ಕೂಗಿ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಮಾಡಿದ್ದಳು. ಜಿಲಾಂಗ್ ರೈಲು ಸ್ಟೇಷನ್ನಿನಲ್ಲಿ ಸಾಮಾನಿಗೆ ಚೀಟಿ ಬರೆಯುವವನು ಹೆಸರನ್ನು ಮೂರು ಸಲ ಹೇಳಿಸಿಕೊಂಡು, ಕೊನೆಗೆ ‘ಕಪ್ಪು ಪೆಟ್ಟಿಗೆಯವನು’ ಎಂದು ಬರೆದುಕೊಟ್ಟಿದ್ದ. ಹೀಗಾಗಿ ವೆಸ್ಟರ್ಬಿ ಟೆಕ್ನಿಕಲ್ ಕಾಲೇಜಿನ ದಾಖಲಾತಿ ಕಿಟಕಿಯ ಮುಂದೆ ಬಂದು ನಿಲ್ಲುವ ಹೊತ್ತಿಗೆ ತನ್ನ ಹೆಸರಿನ ವಿಷಯದಲ್ಲಿ ಅವನು ಪೂರಾ ಸೋತುಹೋಗಿದ್ದ.

ಕಿಟಕಿಯ ಹಿಂದೆ ಕೂತಿದ್ದವಳು ನೊರೀನ್ ಟುಲಕ್. ಇಪ್ಪತ್ತೆರಡು ವರ್ಷಗಳಿಂದ ಆ ಕುರ್ಚಿ ಅವಳದು. ಅವಳ ಕೈಯಿಂದ ಒಂದು ತಪ್ಪು ದಾಖಲೆಯೂ ಹೊರಬಂದಿಲ್ಲವೆಂದು ಕಾಲೇಜಿನಲ್ಲಿ ಹೆಸರಾಗಿತ್ತು. ಆ ಹೆಸರು ಮಾಡಿಸಿದವಳೂ ಅವಳೇ. ಅದೇ ವರ್ಷ ಬಂದಿದ್ದ ಹೊಸ ಕಂಪ್ಯೂಟರು ಅವಳ ಮುಂದೆ ಹಸಿರು ಅಕ್ಷರಗಳನ್ನು ಮಿನುಗಿಸುತ್ತಿತ್ತು.

ಪಾಸ್‌ಪೋರ್ಟಿನಲ್ಲಿ ಬರೆದಿದ್ದದ್ದು ‘ತನಬಾಲನ್ ಎ/ಎಲ್ ವೀರಸಿಂಗಂ’ ಎಂದು. ಮಲೇಷ್ಯಾದ ತಮಿಳರ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಎ/ಎಲ್ ಅಂದರೆ ಮಲಯ್ ಭಾಷೆಯ ‘ಅನಕ್ ಲೆಲಾಕಿ’, ಅಂದರೆ ಮಗ. ತನಬಾಲನ್ ಎಂಬವನು ವೀರಸಿಂಗಂ ಎಂಬವರ ಮಗ. ಇದಕ್ಕಿಂತ ಸರಳವಾದ ಸಂಗತಿ ಲೋಕದಲ್ಲಿ ಇನ್ನೊಂದಿರಲಾರದು.

“ಮನೆತನದ ಹೆಸರು ವೀರಸಿಂಗಂ,” ಎಂದಳು ನೊರೀನ್. “ನಡುವೆ ಅಲ್ ಅಂತಿದೆ. ನಿಮ್ಮನ್ನ ಜನ ಕರಿಯೋದು ಅಲ್ ಅಂತಾನಾ?”

ಇಲ್ಲಿ ಅಲ್ಲ ಎನ್ನಬೇಕಾಗಿತ್ತು. ಅಲ್ ಎಂಬುದಕ್ಕೂ ಅಲ್ಲ ಎಂಬುದಕ್ಕೂ ನಮ್ಮ ಕನ್ನಡದಲ್ಲಿ ಇರುವ ಅಂತರ ಅರ್ಧ ಅಕ್ಷರದ್ದು. ತನಬಾಲನ್ ಬಾಳಿನಲ್ಲಿ ಅದು ಹದಿನೆಂಟು ತಿಂಗಳಿನದಾಯಿತು.

“ಹೌದು,” ಎಂದ ಅವನು. “ಅಲ್ ಅಂತಾನೇ.”

ಅವನಿಗೆ ಆ ಹೆಸರು ಹಿಡಿಸಿಬಿಟ್ಟಿತ್ತು. ತೋಳು ಮಡಚಿದ ಅಂಗಿ ತೊಟ್ಟು, ಕಾರಿಗೆ ಒರಗಿ ನಿಂತು, ಯಾವುದಕ್ಕೂ ತಲೆ ಕೆಡಿಸಿಕೊಳ್ಳದವನ ಹೆಸರು ಅದು. ಮಲೇಷ್ಯಾದ ಕ್ವಾಲಾ ಲಿಪಿಸ್‌ನ ರೈಲ್ವೆ ಕ್ವಾರ್ಟರ್ಸಿನಲ್ಲಿ ತಲೆ ತುಂಬ ಎಣ್ಣೆ ಹಚ್ಚಿಸಿಕೊಂಡು ಬೆಳೆದವನದಲ್ಲ. ನೊರೀನ್ ಟಕಟಕನೆ ಒತ್ತಿದಳು: ‘ವೀರಸಿಂಗಂ, ಅಲ್’. ಆಮೇಲೆ, ಆ ವರ್ಷ ಸೀಟು ಸಿಕ್ಕವರ ಪಟ್ಟಿಯಲ್ಲಿ ತನಬಾಲನ್ ಎಂಬ ಹೆಸರಿತ್ತಲ್ಲ, ಆ ಹೆಸರಿನವನಿಗಾಗಿ ಸಂಜೆ ಐದರವರೆಗೆ ಕಾದು, ಅದರ ಮುಂದೆ ‘ಬರಲಿಲ್ಲ’ ಎಂದು ದಾಖಲಿಸಿ ಮನೆಗೆ ಹೋದಳು.

ಅಲ್ ಸುಖವಾಗಿದ್ದ. ಓದುತ್ತಿದ್ದದ್ದು ಸರ್ವೆ. ಇದ್ದದ್ದು ಡಲ್ಸೀ ಪ್ರಾಟ್ ಎಂಬ ವಿಧವೆಯ ಮನೆಯ ಹಿಂದಿನ ಕೋಣೆಯಲ್ಲಿ. ಮಿಸೆಸ್ ಪ್ರಾಟ್ ವಾರಕ್ಕೆ ಐದು ದಿನ ಕುರಿಮಾಂಸದ ಚಾಪ್, ಆಲೂಗಡ್ಡೆ, ಬಟಾಣಿ ಬೇಯಿಸುತ್ತಿದ್ದಳು. ಉಳಿದೆರಡು ದಿನ ಬಟಾಣಿ ಮೊದಲು, ಚಾಪ್ ಆಮೇಲೆ. ಸತ್ತ ಗಂಡನ ದಪ್ಪ ಉಣ್ಣೆಯ ಅಂಗಿಯನ್ನು ಚಳಿಗಾಲಕ್ಕೆಂದು ಅಲ್‌ಗೆ ಕೊಟ್ಟಳು. ಫುಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗಿ ಅಕ್ಕಪಕ್ಕದವರಿಗೆಲ್ಲ, “ಇವನು ನಮ್ಮ ಅಲ್,” ಎಂದು ಪರಿಚಯಿಸಿದಳು. ಊರಿನಿಂದ ಬರುವ ಕಾಗದಗಳು ಕಾಲೇಜಿನ ಅಂಚೆ ಗೂಡಿಗೆ ಬೀಳುತ್ತಿದ್ದವು; ಯಾರು ಬೇಕಾದರೂ ಯಾರದು ಬೇಕಾದರೂ ಎತ್ತಿಕೊಳ್ಳಬಹುದಾದ ಗೂಡು ಅದು. ಹೀಗಾಗಿ ಮಿಸೆಸ್ ಪ್ರಾಟ್‌ಗೆ ತನಬಾಲನ್ ಎಂಬ ಹೆಸರು ಬಹುಕಾಲ ಕಿವಿಗೆ ಬೀಳುವ ಸಂದರ್ಭವೇ ಬರಲಿಲ್ಲ.

ಎರಡನೆಯ ವರ್ಷದ ಆಗಸ್ಟಿನಲ್ಲಿ ತರಗತಿಯವರೆಲ್ಲ ನ್ಯೂಜಿಲೆಂಡಿಗೆ ಹೊರಟರು. ಅಲ್ಲಿ ರೌರಿಮು ಎಂಬಲ್ಲಿ ರೈಲು ಹಳಿ ಬೆಟ್ಟವನ್ನು ಸುತ್ತುತ್ತ ಸುತ್ತುತ್ತ ತನ್ನ ತಲೆಯ ಮೇಲೆ ತಾನೇ ಹಾದು ಹತ್ತುತ್ತದೆ. ಅದನ್ನು ಕಣ್ಣಾರೆ ಕಾಣದವನು ಸರ್ವೇಯರೇ ಅಲ್ಲ ಎಂಬುದು ರೈಲ್ವೆ ತಿರುವುಗಳ ಪಾಠ ಹೇಳುವ ಫ್ಯಾರೆಲಿಯವರ ಮತ. ಟಿಕೆಟ್ಟುಗಳನ್ನು ಕಾಲೇಜೇ ಒಟ್ಟಿಗೆ ತೆಗೆಸಿತ್ತು. ಮೆಲ್ಬರ್ನ್ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಟಿಕೆಟ್ ನೋಡಿದಳು. ಪಾಸ್‌ಪೋರ್ಟ್ ನೋಡಿದಳು. ಮತ್ತೆ ಟಿಕೆಟ್ ನೋಡಿದಳು.

“ಅಲ್ ಎಲ್ಲಿ?”

“ನಾನೇ ಅಲ್.”

“ಇದರಲ್ಲಿ ನೀವು ತನ... ಬೇರೆ ಯಾರೋ ಅಂತಿದೆ.”

“ಆ ಬೇರೆ ಯಾರೋನೂ ನಾನೇ.”

“ನೋಡಿ, ಸ್ನೇಹಿತರ ಟಿಕೆಟ್ಟಲ್ಲಿ ಹೋಗೋಕೆ ಆಗಲ್ಲ. ಅವರಿಗೇ ಬರೋಕೆ ಹೇಳಿ.”

“ಬಂದಿದಾನೆ.”

“ಹಾಗಿದ್ರೆ ಅವರ ಪಾಸ್‌ಪೋರ್ಟ್ ಕೊಡಿ.”

“ಅಲ್‌ಗೆ ಪಾಸ್‌ಪೋರ್ಟ್ ಇಲ್ಲ.”

“ಪಾಸ್‌ಪೋರ್ಟ್ ಇಲ್ದೆ ಆಸ್ಟ್ರೇಲಿಯಾಕ್ಕೆ ಹೇಗೆ ಬಂದರು?”

ತನಬಾಲನ್‌ಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವನು ನಿಜ ಹೇಳುತ್ತಿದ್ದ, ಅದೂ ತಪ್ಪು ಜಾಗದಲ್ಲಿ. “ಅವನು ಬಂದಿಲ್ಲ. ಬಂದಿದ್ದು ತನಬಾಲನ್. ಅಲ್ ಇಲ್ಲೇ ಹುಟ್ಟಿದ್ದು, ಜಿಲಾಂಗಲ್ಲಿ.”

“ಇಲ್ಲೇ ಹುಟ್ಟಿದೋರಾದ್ರೆ ಇನ್ನೂ ಸುಲಭ,” ಎಂದಳು ಹುಡುಗಿ ಸಮಾಧಾನದಿಂದ. “ಜನನ ಪತ್ರ ತರೋಕೆ ಹೇಳಿ.”

ಅಷ್ಟರಲ್ಲಿ ಆ ಕಡೆಯಿಂದ ಫ್ಯಾರೆಲಿ, “ಅಲ್, ಎಲ್ಲಿದೀಯ ಮಾರಾಯ, ಬೇಗ ಬಾ,” ಎಂದು ಕೂಗಿದರು.

“ನೋಡಿ, ನಿಮ್ಮೋರು ಅಲ್‌ನ ಕರೀತಿದಾರೆ,” ಎಂದಳು ಹುಡುಗಿ. “ನೀವು ಸ್ವಲ್ಪ ಪಕ್ಕಕ್ಕೆ ನಿಲ್ತೀರಾ? ಅವರು ಬಂದ್ರೆ ದಾರಿ ಬೇಕಲ್ಲ.”

ತನಬಾಲನ್ ಪಕ್ಕಕ್ಕೆ ನಿಂತ. ವಿಮಾನ ಹೋಯಿತು.

ಅವಮಾನದಿಂದ ಕುದಿಯುತ್ತ ಜಿಲಾಂಗಿಗೆ ಮರಳಿದರೆ ಮನೆಯಲ್ಲಿ ಮಿಸೆಸ್ ಪ್ರಾಟ್ ಅವನಿಗಿಂತ ಹೆಚ್ಚು ಕುದಿಯುತ್ತಿದ್ದಳು. ಅವನು ಯಾಕೆ ವಾಪಸ್ಸು ಬಂದ ಎಂದೂ ಕೇಳಲಿಲ್ಲ.

“ಬಂದ್ಯಾ, ಒಳ್ಳೇದಾಯ್ತು. ಕೂತ್ಕೋ. ನಮ್ಮನೆ ವಿಳಾಸ ಕೊಟ್ಕೊಂಡು ಓಡಾಡ್ತಿರೋ ಒಬ್ಬ ಕಳ್ಳ ಇದಾನೆ, ಅಲ್. ತನಬಾಲನ್ ಅಂತೆ. ಸರ್ಕಾರದಿಂದ ಅವನ ಹೆಸರಿಗೆ ಮೂರು ಕಾಗದ ಬಂತು. ನಿನ್ನ ಓದು ಕೆಡಬಾರ್ದು ಅಂತ ನಿಂಗೆ ಹೇಳಿರ್ಲಿಲ್ಲ. ಮೊದಲನೇದರ ಮೇಲೆ ‘ಇಂಥವರು ಇಲ್ಲಿಲ್ಲ’ ಅಂತ ಬರ್ದು ವಾಪಸ್ ಕಳಿಸ್ದೆ. ಎರಡನೇದರ ಮೇಲೆ ‘ಹಿಂದೇನೂ ಇರ್ಲಿಲ್ಲ’ ಅಂತ ಬರ್ದೆ. ಮೂರನೇದರ ಮೇಲೆ ‘ಇದ್ದಿದ್ರೆ ನಾನೇ ಓಡಿಸ್ತಿದ್ದೆ’ ಅಂತ ಬರ್ದೆ. ಇವತ್ತು ವಲಸೆ ಕಚೇರಿಯೋನೇ ಬಂದಿದ್ದ. ನೋಡು, ಚೀಟಿ ಬಿಟ್ಟು ಹೋಗಿದಾನೆ.”

ಚೀಟಿಯಲ್ಲಿ ವಿಷಯ ಚಿಕ್ಕದಾಗಿತ್ತು. ತನಬಾಲನ್ ಎಂಬವನು ಜೂನಿನಲ್ಲಿ ವೀಸಾ ಮುಂದುವರಿಸಲು ಅರ್ಜಿ ಹಾಕಿದ್ದ. ಕಾಲೇಜನ್ನು ವಿಚಾರಿಸಲಾಗಿ, ಅಂಥ ವಿದ್ಯಾರ್ಥಿ ಸೀಟು ಪಡೆದು ಒಂದು ದಿನವೂ ಬರಲಿಲ್ಲವೆಂದು ಉತ್ತರ ಬಂದಿತ್ತು. ಓದುವ ನೆಪದಲ್ಲಿ ದೇಶದೊಳಗೆ ಬಂದು ಓದದೆ ಅಡಗಿಕೊಂಡಿರುವ ಆತ ಹದಿನಾಲ್ಕು ದಿನದೊಳಗೆ ದೇಶ ಬಿಡತಕ್ಕದ್ದು.

“ಮಿಸೆಸ್ ಪ್ರಾಟ್,” ಎಂದ ತನಬಾಲನ್, “ಆ ಕಳ್ಳ ನಾನೇ.”

ಮಿಸೆಸ್ ಪ್ರಾಟ್ ಒಲೆ ಆರಿಸಿದಳು. ಎದುರು ಕೂತು ಎಲ್ಲವನ್ನೂ ಕೇಳಿದಳು. ನೊರೀನ್, ಕಿಟಕಿ, ಎ ಮತ್ತು ಎಲ್ ನಡುವಿನ ಓರೆ ಗೆರೆ, ಎಲ್ಲ. ಕೇಳಿ ಮುಗಿಸಿದ ಮೇಲೆ ಅವಳ ಮೂಗಿನ ತುದಿ ಕೆಂಪಾಯಿತು.

“ಹಾಗಾದ್ರೆ ಒಂದೂವರೆ ವರ್ಷ ನನ್ನ ಚಾಪ್ ತಿಂದೋನು ಯಾರು?”

“ನಾನೇ.”

“ಹತ್ತೊಂಬತ್ತು ವರ್ಷ ನನ್ನ ಗಂಡನ ಅಂಗಿ ಪೆಟ್ಟಿಗೇಲಿಟ್ಟಿದ್ದೆ. ಸ್ವಂತ ತಮ್ಮ ಕೇಳಿದಾಗ್ಲೂ ಕೊಡ್ಲಿಲ್ಲ. ಅಲ್‌ಗೆ ಕೊಟ್ಟೆ. ತನಬಾಲನ್ ಅನ್ನೋನಿಗೆ ಕೊಟ್ಟಿಲ್ಲ. ಅವನ ಮುಖಾನೇ ನಾನು ನೋಡಿಲ್ಲ.”

“ಮುಖ ಇದೇನೇ, ಮಿಸೆಸ್ ಪ್ರಾಟ್.”

“ಮಾತು ಬೆಳೆಸ್ಬೇಡ. ಕೋಣೆ ಅಲ್‌ಗೆ ಕೊಟ್ಟಿರೋದು. ಅವನ ಮುಖ ನೋಡಿ ನಿನ್ನ ಮಲಗೋಕೆ ಬಿಡ್ತೀನಿ. ಚಾಪ್ ಮಾತ್ರ ಕೇಳ್ಬೇಡ.”

ಅಂದಿನಿಂದ ಅವನ ತಟ್ಟೆಗೆ ಆಲೂಗಡ್ಡೆ ಬಟಾಣಿ ಮಾತ್ರ ಬಿದ್ದವು. ಅಲ್‌ನ ಪಾಲಿನ ಚಾಪನ್ನು ಅವಳು ಬೇಯಿಸಿ, ಮೇಜಿನ ನಡುವೆ ಇಟ್ಟು, ಇಬ್ಬರೂ ಅದನ್ನು ನೋಡುತ್ತ ಊಟ ಮುಗಿಸಿದ ಮೇಲೆ ಪಕ್ಕದ ಮನೆಯ ನಾಯಿಗೆ ಹಾಕುತ್ತಿದ್ದಳು.

ಮರುದಿನ ತನಬಾಲನ್ ನೊರೀನ್‌ಳ ಕಿಟಕಿಗೆ ಹೋದ. ರಾತ್ರಿಯೆಲ್ಲ ಹೊಂಚಿಕೊಂಡಿದ್ದ ಕಟು ಮಾತುಗಳೆಲ್ಲ ಬಾಯಲ್ಲಿ ಸಿದ್ಧವಾಗಿದ್ದವು. ನೊರೀನ್ ಕನ್ನಡಕದ ಮೇಲಿಂದ ನೋಡಿದಳು.

“ಏನು ಅಲ್, ನ್ಯೂಜಿಲೆಂಡಿಗೆ ಹೋಗಿಲ್ವಾ?”

“ನಾನು ಅಲ್ ಅಲ್ಲ.”

“ಅಲ್ ಅಲ್ದೆ?”

“ತನಬಾಲನ್. ನೀವು ‘ಬರಲಿಲ್ಲ’ ಅಂತ ಬರೆದಿದೀರಲ್ಲ, ಅವನು. ನಾನು ಬಂದಿದ್ದೆ. ನಿಮ್ಮ ಮುಂದೇನೇ ನಿಂತಿದ್ದೆ. ನೀವೇ ನನಗೆ ಹೆಸರಿಟ್ರಿ, ಈಗ ನೀವೇ ನಾನು ಬರಲಿಲ್ಲ ಅಂತ ಸರ್ಕಾರಕ್ಕೆ ಬರೀತೀರಾ? ಇದು ಯಾವ ನ್ಯಾಯ?”

ನೊರೀನ್ ಕಂಪ್ಯೂಟರಿನಲ್ಲಿ ಹುಡುಕಿದಳು. ಎರಡು ಕಡತಗಳೂ ಬಂದವು.

“ತನಬಾಲನ್ ಬರಲಿಲ್ಲ,” ಎಂದಳು. “ಅಲ್ ವೀರಸಿಂಗಂ ಬಂದಿದಾರೆ. ನಾನು ‘ಅಲ್ ಅಂತಾನಾ’ ಅಂತ ಕೇಳಿದ್ದಕ್ಕೆ ‘ಹೌದು’ ಅಂದಿದ್ದು ನೀವು. ಕೆಳಗೆ ಸಹಿನೂ ಮಾಡಿದೀರಿ. ಸುಂದರವಾಗಿ ಬಾಲ ಎಳೆದು.”

“ತಪ್ಪು ತಿದ್ದಿ.”

“ನನ್ನ ದಾಖಲೆಯಲ್ಲಿ ತಪ್ಪಿಲ್ಲ. ತಪ್ಪಿರೋದು ನಿಮ್ಮಲ್ಲಿ.” ಇದನ್ನು ಅವಳು ಒರಟಾಗಿ ಹೇಳಲಿಲ್ಲ, ಹವಾಮಾನದ ವಿಷಯ ಹೇಳುವಂತೆ ಹೇಳಿದಳು. “ವೀರಸಿಂಗಂ ಅನ್ನೋರು ಯಾರು ಅಂತ ಕಾಗದಪತ್ರ ಸಮೇತ ರುಜುವಾತು ಮಾಡೋರು ಯಾರಾದ್ರೂ ಇದಾರಾ?”

“ನಮ್ಮಪ್ಪ ಇದಾರೆ.”

“ಕರೆಸಿ.”

ಅಂಚೆ ಕಚೇರಿಯ ಟೆಲಿಫೋನ್ ಪೆಟ್ಟಿಗೆಯಲ್ಲಿ ನಿಂತು ತನಬಾಲನ್ ಕ್ವಾಲಾ ಲಿಪಿಸ್‌ಗೆ ಸಂಪರ್ಕ ಪಡೆದ. ಆ ಕಡೆಯಿಂದ ವೀರಸಿಂಗಂ, ಟೆಲಿಫೋನಿನ ತಂತಿಯನ್ನು ನಂಬದೆ ಸಮುದ್ರ ದಾಟಿಸುವಷ್ಟು ಗಟ್ಟಿಯಾಗಿ ಕೇಳಿದರು: “ಯಾರು ಮಾತಾಡ್ತಿರೋದು?”

“ನಾನಪ್ಪಾ.”

“ನಾನು ಅಂದ್ರೆ ಯಾರು?”

ಸದ್ಯದ ಪರಿಸ್ಥಿತಿಯಲ್ಲಿ ಕೇಳಬಾರದ ಪ್ರಶ್ನೆ ಅದೊಂದೇ ಆಗಿತ್ತು. ಮಗ ನಡೆದದ್ದನ್ನೆಲ್ಲ ಹೇಳಿದ.

“ಎ/ಎಲ್ ಅಂದ್ರೆ ಏನೋ?” ಎಂದರು ವೀರಸಿಂಗಂ.

“ಮಗ.”

“ಹಂಗಾದ್ರೆ ಒಂದೂವರೆ ವರ್ಷದಿಂದ ಇಡೀ ಊರು ನಿನ್ನ ‘ಮಗ, ಮಗ’ ಅಂತ ಕರೀತಾ ಇದೆ. ಯಾರ ಮಗ ಅಂತ ಒಬ್ಬರಿಗೂ ಕೇಳ್ಬೇಕು ಅನ್ನಿಸ್ಲಿಲ್ವಾ? ನಿಂಗಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಅದು ಕೇಳೋಕೆ ಚೆನ್ನಾಗಿತ್ತಪ್ಪಾ.”

“ನಿಮ್ಮಜ್ಜಿ ಮೂರು ದೇವಸ್ಥಾನ ಸುತ್ತಿ ಇಟ್ಟ ಹೆಸರು ಕೇಳೋಕೆ ಚೆನ್ನಾಗಿಲ್ಲ. ಸರ್ಕಾರಿ ಸಂಕ್ಷೇಪ ಚೆನ್ನಾಗಿದೆ. ಇಡು ಫೋನು. ನಾನೇ ಬರ್ತೀನಿ. ಪೋಸ್ಟಿನಲ್ಲಿ ಕಳಿಸಿದ್ರೆ ನಿಮ್ಮ ಆ ಮನೆ ಯಜಮಾನಿ ‘ಇಂಥವರಿಲ್ಲ’ ಅಂತ ವಾಪಸ್ ಕಳಿಸ್ತಾಳೆ.”

ಆರನೆಯ ದಿನ ವೀರಸಿಂಗಂ ಬಂದಿಳಿದರು. ಅರವತ್ತೊಂದು ವರ್ಷ, ಸಣಕಲು ಮೈ, ರೈಲ್ವೆಯವರು ಕೊಟ್ಟ ಹಳೆಯ ಕೋಟು. ಕೈಯಲ್ಲಿದ್ದ ಚರ್ಮದ ಚೀಲದಲ್ಲಿ ಜನನ ಪತ್ರ, ಮದುವೆ ಪತ್ರ, ನಿವೃತ್ತಿ ಪತ್ರ, ಪ್ರತಿಯೊಂದಕ್ಕೂ ಮೂರು ಮೂರು ನಕಲು, ನಕಲಿಗೆಲ್ಲ ಮೊಹರು. ಬಾಗಿಲು ತೆರೆದ ಮಿಸೆಸ್ ಪ್ರಾಟ್ ಹೆಸರು ಕೇಳಿದಳು.

“ವೀರಸಿಂಗಂ,” ಎಂದರು ಅವರು.

ಮಿಸೆಸ್ ಪ್ರಾಟ್ ಅವರನ್ನೊಮ್ಮೆ, ಹಿಂದೆ ನಿಂತಿದ್ದ ತನಬಾಲನ್‌ನನ್ನೊಮ್ಮೆ ನೋಡಿದಳು. “ಇವರು ನಿಜವಾದ ವೀರಸಿಂಗಂ,” ಎಂದು ತನಗೆ ತಾನೇ ಹೇಳಿಕೊಂಡಳು. “ಒಳಗ್ ಬನ್ನಿ ಯಜಮಾನ್ರೇ. ಚಾಪ್ ಇದೆ.”

ಮಾರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ವೀರಸಿಂಗಂ ಕಿಟಕಿಯ ಮುಂದೆ ನಿಂತರು. ಯಾರ್ಯಾರನ್ನು ಹೇಗೆ ತರಾಟೆಗೆ ತೆಗೆದುಕೊಳ್ಳಬೇಕೆಂಬುದನ್ನು ಅವರು ವಿಮಾನದಲ್ಲೇ ಒಂದು ಹಾಳೆಯ ಮೇಲೆ ಪಟ್ಟಿ ಮಾಡಿದ್ದರು. ಆದರೆ ಅವರು ಬಾಯಿ ತೆರೆಯುವ ಮೊದಲೇ ನೊರೀನ್ ಪಾಸ್‌ಪೋರ್ಟಿಗೆ ಕೈಚಾಚಿದಳು. ಕಚೇರಿಯ ಪದ್ಧತಿಗೆ ವೀರಸಿಂಗಂ ಎಂದೂ ಅಡ್ಡ ಬಂದವರಲ್ಲ. ಕೊಟ್ಟರು.

ನೊರೀನ್ ಗಟ್ಟಿಯಾಗಿ ಓದಿದಳು. “ವೀರಸಿಂಗಂ, ಎ/ಎಲ್, ಕದಿರವೇಲು.” ಕಂಪ್ಯೂಟರ್ ನೋಡಿದಳು. “ವೀರಸಿಂಗಂ, ಅಲ್.” ಬೆರಳಿಟ್ಟು ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದಳು. ಇಪ್ಪತ್ತೆರಡು ವರ್ಷದ ನಿಷ್ಕಳಂಕ ಸೇವೆಯ ತೃಪ್ತಿ ಅವಳ ಮುಖದಲ್ಲಿ ಹರಡಿತು.

“ನಾನು ಆಗ್ಲೇ ಹೇಳಿದ್ನಲ್ಲ, ನನ್ನ ದಾಖಲೆಯಲ್ಲಿ ತಪ್ಪಿಲ್ಲ ಅಂತ. ಸರಿಯಾಗೇ ಇದೆ. ನಮ್ಮ ವಿದ್ಯಾರ್ಥಿ ನೀವೇ.”

“ನಾನಾ?” ಎಂದರು ವೀರಸಿಂಗಂ.

“ಅವರು ನಮ್ಮಪ್ಪ,” ಎಂದ ತನಬಾಲನ್.

“ಅದು ನಿಮ್ಮ ಮನೆ ವಿಷಯ,” ಎಂದಳು ನೊರೀನ್. “ಇಲ್ಲಿ ವೀರಸಿಂಗಂ ಅಲ್ ಅನ್ನೋ ವಿದ್ಯಾರ್ಥಿ ಇದಾರೆ. ಅದೇ ಹೆಸರಿನ ಸರ್ಕಾರಿ ಪಾಸ್‌ಪೋರ್ಟ್ ಇವರ ಹತ್ರ ಇದೆ. ನಿಮ್ಮ ಹತ್ರ ಇರೋ ಪಾಸ್‌ಪೋರ್ಟ್ ಬರದೇ ಇದ್ದೋನದು.”

ತನಬಾಲನ್‌ಗೆ ಮೈಯೆಲ್ಲ ಉರಿಯಿತು. ಹದಿನೆಂಟು ತಿಂಗಳು ಚಳಿಯಲ್ಲಿ ಸರ್ವೆ ಸರಪಳಿ ಎಳೆದವನು ತಾನು, ಹೊಲದ ಕೆಸರಲ್ಲಿ ಬೂಟು ಕಳೆದುಕೊಂಡವನು ತಾನು. ಅವನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಯಾಕೆಂದರೆ ನೊರೀನ್ ಅಷ್ಟರಲ್ಲಿ ಮುದ್ರಣ ಯಂತ್ರದಿಂದ ಒಂದು ಹಾಳೆ ಹರಿದು ವೀರಸಿಂಗಂ ಅವರ ಕೈಗೆ ಕೊಟ್ಟಿದ್ದಳು.

“ಇದು ನಿಮ್ಮ ಜೂನ್ ಪರೀಕ್ಷೆ ಫಲಿತಾಂಶ. ಒಂದು ಬಿಟ್ಟು ಎಲ್ಲಾ ಪಾಸು.”

ಎಲ್ಲದರಲ್ಲೂ ಪಾಸೆಂದು ಮಗ ಜುಲೈನಲ್ಲಿ ಊರಿಗೆ ಬರೆದಿದ್ದ. ಈಗ ಅವನು ಗೋಡೆಯ ಮೇಲಿದ್ದ ಬೆಂಕಿ ನಂದಿಸುವ ಸೂಚನೆಗಳನ್ನು ಓದತೊಡಗಿದ.

“ಫೇಲು,” ಎಂದು ವೀರಸಿಂಗಂ ಮೆಲ್ಲಗೆ ಓದಿದರು. “ನೂರಕ್ಕೆ ಮೂವತ್ತೊಂದು. ಯಾವುದರಲ್ಲಿ ಅಮ್ಮಾ ಇದು? ಸಣ್ಣಕ್ಷರ ಕಾಣ್ತಿಲ್ಲ, ಕನ್ನಡಕ ತಂದಿಲ್ಲ.”

“ರೈಲ್ವೆ ತಿರುವುಗಳ ಅಳತೆ.”

ವೀರಸಿಂಗಂ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡರು.

“ಮೂವತ್ನಾಲ್ಕು ವರ್ಷ ನಾನು ರೈಲು ಹಳಿ ಇನ್ಸ್‌ಪೆಕ್ಟರಾಗಿದ್ದೆ ಅಮ್ಮಾ. ಗೆಮಾಸಿಂದ ಕ್ವಾಲಾ ಲಿಪಿಸ್‌ವರೆಗೆ ಕಾಡೊಳಗೆ ಎಷ್ಟು ತಿರುವಿದೆ ಅಂತ ಆ ಕಾಡಿನ ಆನೆಗಳನ್ನ ಕೇಳಿ. ಒಂದೊಂದನ್ನೂ ಮೊಣಕಾಲೂರಿ, ದಾರ ಹಿಡಿದು ಅಳೆದಿದೀನಿ. ನನ್ನ ತಿರುವಿನಲ್ಲಿ ಒಂದು ಗೂಡ್ಸ್ ಡಬ್ಬೀನೂ ಹಳಿ ಬಿಟ್ಟು ಇಳಿದಿಲ್ಲ. ನಾನು ಕಾಲೇ ಇಟ್ಟಿರದ ದೇಶದಲ್ಲಿ, ನಾನು ಬರೀದೇ ಇರೋ ಪರೀಕ್ಷೇಲಿ, ನನ್ನ ಹೆಸರಲ್ಲಿ, ತಿರುವಿನಲ್ಲಿ ಫೇಲು ಮಾಡಿಟ್ಟಿದೀರಿ.”

“ನಾನಲ್ಲ,” ಎಂದಳು ನೊರೀನ್. “ಅವನು.”

ಇಬ್ಬರೂ ಒಟ್ಟಿಗೆ ತನಬಾಲನ್ ಕಡೆ ತಿರುಗಿದರು. ಅಲ್ಲಿಯವರೆಗೆ ಕಿಟಕಿಯ ಎರಡು ಕಡೆ ಇದ್ದ ಇಬ್ಬರು ಅಧಿಕಾರಿಗಳು ಆ ಗಳಿಗೆಯಲ್ಲಿ ಒಂದೇ ಕಡೆಯವರಾದರು.

“ನಮೂನೆಯಲ್ಲಿ ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟ,” ಎಂದಳು ನೊರೀನ್.

“ಮನೆಗೂ ಸುಳ್ಳು ಬರೆದ,” ಎಂದರು ವೀರಸಿಂಗಂ. “ಪರೀಕ್ಷೆ ಹಿಂದಿನ ದಿನ ಎಲ್ಲಿದ್ಯೋ?”

“ಫುಟ್‌ಬಾಲ್ ನೋಡೋಕೆ ಮಿಸೆಸ್ ಪ್ರಾಟ್...”

“ಪಾಪ, ಆಯಮ್ಮನ ಹೆಸರು ಎಳೀಬೇಡ. ನಂಗೆ ನಿನ್ನೆ ಎರಡು ಚಾಪ್ ಹಾಕಿದಾರೆ.”

ಆಮೇಲೆ ನೊರೀನ್ ನಿಯಮಗಳ ದಪ್ಪ ಪುಸ್ತಕ ತೆಗೆದಳು. ವೀರಸಿಂಗಂ ಒಂದು ಕುರ್ಚಿ ಎಳೆದುಕೊಂಡು ಕೂತರು. ಬಹುಕಾಲದ ಮೇಲೆ ತಮ್ಮ ಭಾಷೆ ಆಡುವವರೊಬ್ಬರು ಸಿಕ್ಕಂತೆ ಅವರ ಮುಖ ಅರಳಿತ್ತು. ಕಲಮು, ಉಪಕಲಮು, ಅಡಿಟಿಪ್ಪಣಿ ಎಂದು ಇಬ್ಬರೂ ಒಂದು ಗಂಟೆ ಸಾಗಿದರು. ಕೊನೆಗೆ ದಾರಿ ಸಿಕ್ಕಿತು. ಅಲ್ ವೀರಸಿಂಗಂ ಕಾಲೇಜು ಬಿಡಬಹುದು. ಅವನು ಪಾಸಾದ ವಿಷಯಗಳನ್ನೆಲ್ಲ ಹೊಸದಾಗಿ ಸೇರುವ ತನಬಾಲನ್ ಹೆಸರಿಗೆ ವರ್ಗಾಯಿಸಬಹುದು. ಸೇರಿದ ದಿನವೇ ವಲಸೆ ಕಚೇರಿಗೆ ನೊರೀನ್ ಪತ್ರ ಬರೆಯುತ್ತಾಳೆ. ಆದರೆ ಹಿಂದೆ ಫೇಲಾದ ವಿಷಯ ಉಳಿಸಿಕೊಂಡವರು ಕಾಲೇಜು ಬಿಡುವಂತಿಲ್ಲ.

“ಶುಕ್ರವಾರ ಮರುಪರೀಕ್ಷೆ ಇದೆ,” ಎಂದಳು ನೊರೀನ್.

“ನಾನು ಓದಿ ಬರೀತೀನಿ,” ಎಂದ ತನಬಾಲನ್ ತಕ್ಷಣ. “ಈ ಸಲ ನಿಜವಾಗ್ಲೂ.”

“ಪರೀಕ್ಷೆ ಕೋಣೆಗೆ ಹೋಗೋಕೆ ಹೆಸರಿಗೆ ಹೊಂದೋ ಭಾವಚಿತ್ರದ ಗುರುತು ಬೇಕು. ನಿಮ್ಮ ಹತ್ರ ಎಲ್ಲಿದೆ?” ನೊರೀನ್ ಪುಸ್ತಕ ಮುಚ್ಚಿದಳು. “ಆ ಹೆಸರಿನ ಗುರುತಿರೋರು ಈ ಭೂಮಂಡಲದಲ್ಲಿ ಒಬ್ಬರೇ.”

ವೀರಸಿಂಗಂ ಬಹಳ ಹೊತ್ತು ಯೋಚಿಸಿದರು. ಬೇರೆಯವರ ಪರೀಕ್ಷೆ ಬರೆಯುವುದು ಅಪರಾಧ. ಅಂಥ ಕೆಲಸಕ್ಕೆ ಅವರು ಸತ್ತರೂ ಕೈ ಹಾಕುವವರಲ್ಲ. ಆದರೆ ಫೇಲಾಗಿದ್ದದ್ದು ಅವರ ಹೆಸರು. ತನ್ನ ಹೆಸರಿಗೆ ಹತ್ತಿದ ಮಸಿಯನ್ನು ತಾನೇ ಒರೆಸಿಕೊಳ್ಳುವುದಕ್ಕೆ ಯಾವ ಕಾನೂನು ಅಡ್ಡಿ ಬರುತ್ತದೆ ಎಂದು ಅವರು ನೊರೀನ್‌ಳನ್ನು ಕೇಳಿದರು. ಯಾವುದೂ ಇಲ್ಲವೆಂದು ಅವಳು ಪುಸ್ತಕ ಮುಟ್ಟಿ ಹೇಳಿದಳು.

ಶುಕ್ರವಾರ ಬೆಳಗ್ಗೆ ಮಿಸೆಸ್ ಪ್ರಾಟ್ ವೀರಸಿಂಗಂ ಅವರ ಕೋಟನ್ನು ತಾನೇ ಇಸ್ತ್ರಿ ಮಾಡಿ, ಪೆನ್ಸಿಲುಗಳನ್ನು ಹರಿತ ಮಾಡಿ, “ಅಲ್, ಗಾಬರಿಯಾಗ್ಬೇಡಿ, ಪ್ರಶ್ನೆ ಪೂರ್ತಿ ಓದಿ ಆಮೇಲೆ ಬರೀರಿ,” ಎಂದು ಬಾಗಿಲವರೆಗೆ ಬಂದು ಕಳಿಸಿದಳು. ತನಬಾಲನ್ ಪರೀಕ್ಷಾ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತ. ದಾರಿಯಲ್ಲಿ ಹೋಗುತ್ತಿದ್ದ ಸಹಪಾಠಿಗಳು ನ್ಯೂಜಿಲೆಂಡಿನ ಚಳಿಗಾಳಿಗೆ ಕೆಂಪಾಗಿದ್ದರು. ಯಾರಿಗಾಗಿ ಕಾಯುತ್ತಿದ್ದೀಯ ಎಂದು ಕೇಳಿದರು. ತಂದೆ ಒಳಗೆ ಪರೀಕ್ಷೆ ಬರೆಯುತ್ತಿದ್ದಾರೆ ಎಂದು ಹೇಳುವಾಗ ಅವನಿಗೆ ಆದ ಅವಮಾನ ವಿಮಾನ ನಿಲ್ದಾಣದಲ್ಲೂ ಆಗಿರಲಿಲ್ಲ.

ಸೋಮವಾರ ಫ್ಯಾರೆಲಿ ಉತ್ತರ ಪತ್ರಿಕೆಯನ್ನು ಬೀಸುತ್ತ ದಾಖಲಾತಿ ಕಚೇರಿಗೆ ನುಗ್ಗಿದರು. ನೊರೀನ್, ವೀರಸಿಂಗಂ, ತನಬಾಲನ್ ಮೂವರೂ ಅಲ್ಲಿದ್ದರು.

“ಯಾರು ಈ ಮನುಷ್ಯ?” ಎಂದರು ಫ್ಯಾರೆಲಿ. “ಮೂರನೇ ಪ್ರಶ್ನೆಗೆ ಉತ್ತರ ಬರೆದಿಲ್ಲ. ಬದಲಿಗೆ ನನಗೆ ದೂರು ಬರೆದಿದಾನೆ. ಕೇಳಿ: ‘ಪ್ರಶ್ನೆಯಲ್ಲಿ ಹೇಳಿದ ವೇಗಕ್ಕೆ ಹೊರಗಿನ ಹಳಿಯ ಎತ್ತರ ಸಾಲದು. ಈ ತಿರುವಿನಲ್ಲಿ ಪ್ರಯಾಣಿಕರ ರೈಲು ಬಿಡಲು ನಾನು ಅನುಮತಿ ಕೊಡಲಾರೆ. ಈ ಪ್ರಶ್ನೆ ತಯಾರಿಸಿದವರ ಮೇಲೆ ಇಲಾಖೆ ಕ್ರಮ ಕೈಗೊಳ್ಳತಕ್ಕದ್ದು.’ ಹನ್ನೊಂದು ವರ್ಷದಿಂದ ಈ ಪ್ರಶ್ನೆ ಕೇಳ್ತಿದೀನಿ. ಎಷ್ಟೋ ಜನ ಉತ್ತರ ಬರೆದು ಪಾಸಾಗಿದಾರೆ.”

“ಅವರೆಲ್ಲ ಈಗ ಎಲ್ಲಿ ಹಳಿ ಹಾಕ್ತಿದಾರೆ ಸರ್?” ಎಂದರು ವೀರಸಿಂಗಂ ನಿಜವಾದ ಕಳವಳದಿಂದ. “ಆ ಕಡೆ ನಾನು ಬಸ್ಸಲ್ಲಿ ಹೋಗ್ತೀನಿ.”

ಫ್ಯಾರೆಲಿ ಕೋಪದಿಂದ ಲೆಕ್ಕ ಹಾಕಲು ಕೂತರು. ನೊರೀನ್‌ಳ ಕಾಗದದ ಮೇಲೆ, ನೊರೀನ್‌ಳ ಪೆನ್ಸಿಲಿನಿಂದ, ಎರಡು ಸಲ. ವೀರಸಿಂಗಂ ಪಕ್ಕದಲ್ಲಿ ಬಗ್ಗಿ ನಿಂತು ಒಂದೆಡೆ ಬೆರಳಿಟ್ಟು, “ಇಲ್ಲಿ ಸರ್,” ಎಂದರು. ಎರಡನೆಯ ಸಲವೂ ರೈಲು ಉರುಳಿತು. ಫ್ಯಾರೆಲಿ ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಪತ್ರಿಕೆಯ ಮೇಲೆ ತೊಂಬತ್ತಾರು ಎಂದು ಬರೆದು, ಉಳಿದ ನಾಲ್ಕು ಅಂಕ ಭಾಷೆಯ ಒರಟುತನಕ್ಕೆ ಕಳೆದಿದ್ದೇನೆ ಎಂದು ಹೇಳಿ ಹೊರಟುಹೋದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, ಮುಂದಿನ ವರ್ಷದ ಪಾಠಕ್ಕೆ ವೀರಸಿಂಗಂ ಬರುತ್ತಾರೋ ಎಂದು ನೊರೀನ್‌ಳನ್ನು ಕೇಳಿದರು.

“ಇಲ್ಲ,” ಎಂದಳು ನೊರೀನ್. “ಇವನು ಬರ್ತಾನೆ.”

ಫ್ಯಾರೆಲಿ ತನಬಾಲನ್‌ನನ್ನು ನೋಡಿ ನಿಟ್ಟುಸಿರು ಬಿಟ್ಟರು. ತಾನೇನು ತಪ್ಪು ಮಾಡಿದೆನೆಂದು ತನಬಾಲನ್ ಸಿಟ್ಟಿನಿಂದ ಕೇಳಬೇಕೆಂದಿದ್ದ. ಆ ಕಚೇರಿಯಲ್ಲಿ ಆ ಪ್ರಶ್ನೆಗೆ ಮೂರು ಜನ ಉತ್ತರ ಹೇಳುವವರಿದ್ದರು.

ಗಡುವಿಗೆ ಮೂರು ದಿನ ಉಳಿದಿತ್ತು. ನೊರೀನ್ ಎರಡು ನಮೂನೆಗಳನ್ನು ಕಟ್ಟೆಯ ಮೇಲಿಟ್ಟಳು. ಒಂದು ಕಾಲೇಜು ಬಿಡುವವರದು, ಒಂದು ಸೇರುವವರದು. ವೀರಸಿಂಗಂ ಮೊದಲನೆಯದನ್ನು ತೆಗೆದುಕೊಂಡು, ಸರ್ವೀಸು ರಿಜಿಸ್ಟರಿನ ದುಂಡನೆಯ ಅಕ್ಷರಗಳಲ್ಲಿ, ಗೆರೆ ದಾಟದಂತೆ ತುಂಬಿಸುತ್ತ ಹೋದರು. ಹೆಸರು, ವಿಳಾಸ, ಓದಿದ ಅವಧಿ. ಕೊನೆಯ ಖಾನೆಯಲ್ಲಿ ‘ಕಾಲೇಜು ಬಿಡಲು ಕಾರಣ’ ಎಂದಿತ್ತು. ಅಲ್ಲಿ ಸ್ವಲ್ಪ ತಡೆದರು. ಆಮೇಲೆ ಬರೆದರು: ‘ಇನ್ನು ಮಗ ಓದಬೇಕಾಗಿದೆ.’

ನೊರೀನ್ ಅದನ್ನು ಓದಿದಳು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಂದು ಸಲ ಓದಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾವ ನಮೂನೆಯನ್ನೂ ಅವಳು ಎರಡು ಸಲ ಓದಿದವಳಲ್ಲ. ನಂತರ ಮೊಹರನ್ನು ಕೈಗೆತ್ತಿಕೊಂಡು, ಒತ್ತದೆ ಹಾಗೇ ಹಿಡಿದು, ತನಬಾಲನ್ ಕಡೆ ನೋಡಿದಳು.

“ಇದು ನಿಜಾನಾ?” ಎಂದು ಕೇಳಿದಳು. “ಯೋಚನೆ ಮಾಡಿ ಹೇಳಿ. ಈ ಕಿಟಕಿ ಮುಂದೆ ನೀವು ‘ಹೌದು’ ಅಂದ್ರೆ ನಾನು ಬರೆದುಕೊಂಡುಬಿಡ್ತೀನಿ.”